ದೊನಾತೊನ ಅಡ್ಡಹೆಸರು

ನನ್ನ ಮಣಿಕಟ್ಟಿನ ಮೇಲೆ ಹೂಕೋಸಿನ ದಂಟಿನಿಂದ ಏಟು ಬಿತ್ತು. ಚಾಕು ಕೈಜಾರಿ ಕೆಸರಿಗೆ ಹೋಯಿತು.

"ಎಲಿ ಎಷ್ಟ ಬಿಡು ಅಂದಿದ್ದೆ?" ಮುದುಕ ಕೇಳಿದ.

"ನಾಕ ಬೆರಳು."

"ಇದೆಷ್ಟೈತಿ?"

"ಆರು."

"ಸಾಲ್ಯಾಗ ಎಣಿಸೋದು ಕಲಿಸಲಿಲ್ಲೇನು? ಎತ್ತು ಚಾಕು."

ಎತ್ತಿದೆ. ಬೆರಳುಗಳು ಎಷ್ಟು ಮರಗಟ್ಟಿದ್ದವೆಂದರೆ ಹಿಡಿ ಯಾವುದು, ಅಲಗು ಯಾವುದು ತಿಳಿಯುತ್ತಿರಲಿಲ್ಲ. ಮುಂದೆ ಟ್ರ್ಯಾಕ್ಟರ್ ಹೋಗುತ್ತಿತ್ತು, ಅದರ ಹಿಂದೆ ದೊಡ್ಡ ಬಿನ್. ನಾವು ಬಗ್ಗಿ ಕೊಯ್ಯಬೇಕು, ಎಲೆ ಸವರಬೇಕು, ಬಿನ್‌ಗೆ ಎಸೆಯಬೇಕು. ಟ್ರ್ಯಾಕ್ಟರ್ ಯಾರಿಗಾಗಿಯೂ ನಿಲ್ಲುವುದಿಲ್ಲ. ಸಮುದ್ರದ ಕಡೆಯಿಂದ ಬರುವ ಗಾಳಿ ಮೂಗು, ಕಿವಿ ಎಲ್ಲ ಕಿತ್ತುಕೊಂಡು ಹೋಗುವ ಹಾಗೆ ಬೀಸುತ್ತಿತ್ತು. ನಾನು ಕೆಲಸಕ್ಕೆ ಸೇರಿ ಆಗ ನಾಲ್ಕನೇ ದಿನ.

ಇದೆಲ್ಲ ನೆನಪಾಗಿದ್ದು ಹೋದ ವಾರ. ಈಗ ನಾವು ಸಿಡ್ನಿಯ ಗಿರಾವೀನ್‌ನಲ್ಲಿ ಇದ್ದೇವೆ. ಒಂದು ಇಂಡಿಯನ್ ಅಂಗಡಿಯ ಹಿಂದೆ ವ್ಯಾನ್ ನಿಲ್ಲಿಸಿ ಅಕ್ಕಿ ಚೀಲ ಇಳಿಸುತ್ತಿದ್ದೆ. ಅಲ್ಲಿನ ಕಸದ ಡಬ್ಬಿಯಲ್ಲಿ ಹೂಕೋಸಿನ ಎಲೆ ಕೊಳೆತು ನಾರುತ್ತಿತ್ತು. ಮೂಗಿಗೆ ಬಡಿದ ಕೂಡಲೇ ಚೀಲ ಕೆಳಗಿಟ್ಟೆ. ಅಂಗಡಿಯ ಆಂಟಿ "ಏನಾಯ್ತು, ಸೊಂಟ ಹಿಡ್ಕೊಂಡ್ತಾ?" ಅಂದರು. ಇಲ್ಲ ಅಂದೆ. ಅವರಿಗೆ ಏನಂತ ಹೇಳಲಿ. ಮನೆಗೆ ಬಂದು ಇದನ್ನು ಬರೆಯಲು ಕೂತೆ. ನಾನು ಎಸ್ಸೆಸ್ಸೆಲ್ಸಿ ಫೇಲ್. ಬರೆದು ರೂಢಿಯಿಲ್ಲ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ನನ್ನ ಊರು ನವಲಗುಂದದ ಹತ್ತಿರ. ಹೆಂಡತಿ ಸುನಂದಾ ನನ್ನ ಸೋದರಮಾವನ ಮಗಳು. ಅವಳು ನರ್ಸಿಂಗ್ ಓದಿ, ಇಂಗ್ಲಿಷ್ ಪರೀಕ್ಷೆ ಪಾಸು ಮಾಡಿ, ಮೆಲ್ಬರ್ನ್‌ನಲ್ಲಿ ಆಸ್ಪತ್ರೆ ಕೆಲಸ ಹಿಡಿದಳು. ನಾನು ಅವಳ ವೀಸಾದ ಬಾಲ ಹಿಡಿದು ಬಂದವನು. ಊರಲ್ಲಿ ನನ್ನ ಮಾವನೇ ಕಟ್ಟೆಯ ಮೇಲೆ ಕೂತು "ನಮ್ಮ ಅಳಿಯಾನ ಲಗೇಜ್‌ನ್ಯಾಗ ಹಾಕ್ಕೊಂಡು ಒಯ್ದಾಳ್ರೀ ಮಗಳು" ಅಂದು ನಗಿಸಿದ್ದನಂತೆ. ವೆರಿಬೀಯಲ್ಲಿ ಚೇತನ್ ಅನ್ನುವ ಮೈಸೂರಿನವನ ಮನೆಯಲ್ಲಿ ಒಂದು ರೂಮ್ ಹಿಡಿದಿದ್ದೆವು. ಅವನು ಐಟಿಯವನು. ದಿನಾ ಸಂಜೆ ಸೋಫಾದಲ್ಲಿ ಕೂತು ಮಾರ್ಟ್‌ಗೇಜ್ ಬಗ್ಗೆ ಮಾತಾಡುವುದೇ ಅವನ ಕೆಲಸ. ಮೂರು ವಾರ ಅದನ್ನು ಕೇಳಿ ತಲೆ ಕೆಟ್ಟು, ಒಂದು ದಿನ ಸೈಕಲ್ ಹೊಡೆದುಕೊಂಡು ಊರಾಚೆ ಹೊಲಗಳ ಕಡೆ ಹೋದೆ. ಸಾಲು ಸಾಲು ಹೂಕೋಸು, ಬ್ರೊಕೋಲಿ. ಮಣ್ಣು ಕಂಡು ಜೀವ ಬಂತು. ಬದುವಿನ ಮೇಲೆ ನಿಂತಿದ್ದ ಮುದುಕನನ್ನು ಕೆಲಸ ಕೇಳಿದೆ.

ಅವನೇ ದೊನಾತೊ. ಎಂಬತ್ತಾರು ವರ್ಷ. ಹೊಲ ಅವನದು. ಇಟಲಿಯಿಂದ ಹತ್ತೊಂಬತ್ತನೇ ವಯಸ್ಸಿನಲ್ಲಿ ಒಬ್ಬನೇ ಬಂದವನು. ನನ್ನ ಅಂಗೈ ತಿರುವಿ ನೋಡಿದ, ನಾಳೆ ಬಾ ಅಂದ. ಅಷ್ಟೇ ಇಂಟರ್‌ವ್ಯೂ. ಅವನ ಇಂಗ್ಲಿಷ್ ಮುರುಕು, ನನ್ನದು ಅದಕ್ಕಿಂತ ಮುರುಕು. ಇಬ್ಬರಿಗೂ ಅರ್ಥವಾಗುತ್ತಿತ್ತು. ನನ್ನ ಕಿವಿಗೆ ಅವನ ಮಾತು ನಮ್ಮೂರಿನ ಮಾತಿನ ಹಾಗೆಯೇ ಕೇಳುತ್ತಿತ್ತು, ಅದಕ್ಕೆ ಹಾಗೆಯೇ ಬರೆಯುತ್ತಿದ್ದೇನೆ. ಬಾಸ್ ಅಂದರೆ ಬೈಯುತ್ತಿದ್ದ. ಅಷ್ಟು ವಯಸ್ಸಿನವನನ್ನು ಹೆಸರು ಹಿಡಿದು ಕರೆಯಲು ನನಗೆ ನಾಲಿಗೆ ಏಳಲಿಲ್ಲ. ಅಜ್ಜಾ ಅಂದೆ. ಹಾಗಂದರೇನು ಅಂತ ಕೇಳಿದ, ಹೇಳಿದೆ. ಅದಕ್ಕೆ ಬೈಯಲಿಲ್ಲ.

ಒಳ್ಳೆಯ ಮನುಷ್ಯ ಅಂತ ಸುಳ್ಳು ಹೇಳುವುದಿಲ್ಲ. ಹೊಲದಲ್ಲಿ ಕಾಂಬೋಡಿಯಾದ ಇಬ್ಬರು ಹೆಂಗಸರಿದ್ದರು. ಅವರಲ್ಲಿ ಒಬ್ಬಳ ಬೆರಳು ಕೊಯ್ದು ರಕ್ತ ಸುರಿದಾಗ ಮುದುಕ ಮೊದಲು ನೋಡಿದ್ದು ಹೂಕೋಸಿಗೆ ಕಲೆಯಾಯಿತಾ ಅಂತ. ಮೊಲಗಳು ಸಸಿ ತಿನ್ನುತ್ತವೆ ಅಂತ ಅವನ್ನು ಹಿಡಿದು ಬೇಲಿ ಕಂಬಕ್ಕೆ ಬಡಿದು ಕೊಲ್ಲುತ್ತಿದ್ದ, ಮಾತು ನಿಲ್ಲಿಸದೆಯೇ. ನನಗೆ ದಿನಕ್ಕೊಂದು ಏಟು ಖಾಯಂ. ಆದರೆ ಅವನ ಕ್ರೌರ್ಯ ಎದುರಿಗೇ ಇರುತ್ತಿತ್ತು. ಬೆನ್ನ ಹಿಂದೆ ನಗುವವರಿಗಿಂತ ನನಗೆ ಅದು ವಾಸಿ ಅನಿಸಿತ್ತು. ಆ ಚಳಿಗಾಲವೆಲ್ಲ ಅವನ ಬಗಲಲ್ಲೇ ಕೊಯ್ದೆ.

ಒಂದು ದಿನ ಮಳೆ ಜೋರಾಗಿ ಬಂದು ಶೆಡ್‌ನಲ್ಲಿ ಕೂತಿದ್ದೆವು. ನನ್ನ ಪೂರ್ತಿ ಹೆಸರು ಕೇಳಿದ.

"ಬಸವರಾಜ ಉಳ್ಳಾಗಡ್ಡಿ."

"ಎರಡನೇದು ಏನದು?"

"ಅಡ್ಡಹೆಸರು. ಮನೆತನದ ಹೆಸರು. ಉಳ್ಳಾಗಡ್ಡಿ ಅಂದ್ರ ಆನಿಯನ್."

ಮುದುಕ ನನ್ನ ಮುಖ ನೋಡಿದ. ಆಮೇಲೆ ನಗಲು ಶುರು ಮಾಡಿದ. ಕೆಮ್ಮು ಬರುವ ತನಕ ನಕ್ಕ, ಕಣ್ಣೊರೆಸಿಕೊಂಡು ಮತ್ತೆ ನಕ್ಕ. "ಉಳ್ಳಾಗಡ್ಡಿ ಬಂದು ಹೂಕೋಸು ಕೊಯ್ಯಾಕತ್ತೈತಿ!" ಅಂದ. ಅವತ್ತಿನಿಂದ ನನ್ನನ್ನು ಚಿಪೊಲ್ಲಾ ಅಂತ ಕರೆದ. ಅವರ ಭಾಷೆಯಲ್ಲಿ ಉಳ್ಳಾಗಡ್ಡಿಗೆ ಹಾಗನ್ನುತ್ತಾರೆ.

ನಾನೇನು ಬಿಟ್ಟೇನೆ. ನಮ್ಮ ಕಡೆ ಎಲ್ಲರಿಗೂ ಹೀಗೇ ಇರುತ್ತವೆ ಅಂದೆ. ನನ್ನ ಕ್ಲಾಸಿನಲ್ಲಿ ಮೆಣಸಿನಕಾಯಿ ಇದ್ದ, ಬೆಲ್ಲದ ಇದ್ದ, ಕುರಿ ಇದ್ದ, ಅಂಗಡಿ ಇದ್ದ. ಒಂದೇ ಓಣಿಯಲ್ಲಿ ಆರು ಜನ ಬಸವರಾಜರು. ರೇಷನ್ ಅಂಗಡಿಯಲ್ಲಿ, ಓಟರ್ ಲಿಸ್ಟಿನಲ್ಲಿ ಗೊಂದಲವಾದಾಗ ಅಡ್ಡಹೆಸರು ಕೂಗಿದರೆ ಮುಗಿಯಿತು, ಬೇಕಾದವನು ಎದ್ದು ಬರುತ್ತಾನೆ.

ಮುದುಕ ನಗು ನಿಲ್ಲಿಸಿ ಕೇಳುತ್ತಿದ್ದ. "ನಮ್ಮೂರಾಗೂ ಹಂಗ ಐತಿ," ಅಂದ.

ಅವನ ಊರಿನ ಹೆಸರು ರೊಕ್ಕಾವೆಂತೊ. ರೊಕ್ಕ ಅಂದರೆ ನಮ್ಮಲ್ಲಿ ದುಡ್ಡು ಅಂತ ಹೇಳಿದೆ. "ನಮ್ಮಲ್ಲಿ ಕಿಲ್ಲೆ ಅಂತ. ಬರೇ ಕಲ್ಲು," ಅಂದ. ಗುಡ್ಡದ ತಲೆಯ ಮೇಲೆ ಸಣ್ಣ ಊರು. ಒಂದು ಮುರಿದ ಕೋಟೆ, ಒಂದು ಬಾಗಿಲು, ಒಂದು ಬಾವಿ, ಒಂದು ಚರ್ಚು, ಸದಾ ಗಾಳಿ. ಅವರದೇ ಒಂದು ಕೊಮೂನೆ, ಅಂದರೆ ನಮ್ಮ ಪುರಸಭೆಯ ಹಾಗೆ, ಅದಕ್ಕೊಬ್ಬ ಮೇಯರ್. ಚಳಿಗಾಲದಲ್ಲಿ ತಿನ್ನಲು ಕಾಡಿನ ಕಾಯಿಯ ಹಿಟ್ಟು ಬಿಟ್ಟರೆ ಏನೂ ಇರುತ್ತಿರಲಿಲ್ಲವಂತೆ. ಅರ್ಧ ಊರಿನವರ ಸರ್‌ನೇಮ್ ಕರ್ಬೋನೆ. ಅದಕ್ಕೇ ಪ್ರತಿ ಮನೆಗೂ ಇನ್ನೊಂದು ಹೆಸರು. ಹಿಟ್ಟಿನ ಗಿರಣಿಯವರು, ಕುಂಟನ ಮನೆಯವರು, ತೋಳದವರು. ಪುರಸಭೆಯ ದಫ್ತರದಲ್ಲೂ ಹಾಗೇ ಬರೆಯುತ್ತಾರೆ.

"ನಿಮ್ಮ ಮನೀದು ಏನಜ್ಜಾ?"

ಅವನು ಮಳೆ ನೋಡಿದ. ನಾನು ಮತ್ತೆ ಕೇಳಲಿಲ್ಲ.

"ಮೂತಿ," ಅಂದ.

ಈಗ ನಗುವ ಸರದಿ ನನ್ನದು. ಮೂತಿ ಅಂದರೆ ನಮ್ಮಲ್ಲಿ ಏನು ಅಂತ ಹಂದಿಯ ಹಾಗೆ ತುಟಿ ಮುಂದೆ ಮಾಡಿ ತೋರಿಸಿದೆ. ಅವನೂ ಸ್ವಲ್ಪ ನಕ್ಕ. "ನಮ್ಮಲ್ಲಿ ಮೂಗರು ಅಂತ," ಅಂದು ಗಂಬೂಟು ಏರಿಸಿಕೊಂಡು ಮಳೆಯಲ್ಲೇ ಹೊರಟುಹೋದ. ಯಾರಿಗೂ ಹೇಳಬೇಡ ಅನ್ನಲಿಲ್ಲ. ಅಂದಿದ್ದರೆ ನಾನು ಸತ್ತರೂ ಹೇಳುತ್ತಿರಲಿಲ್ಲ.

ಅವನ ಹೆಂಡತಿ ರೋಸಾ. ಎಂಬತ್ತರ ಹತ್ತಿರದ ಗಿಡ್ಡ ಹೆಂಗಸು. ಮದುವೆಯಾಗಿ ಅರವತ್ತು ವರ್ಷವಾಗಿತ್ತಂತೆ. ಅವಳೂ ಅದೇ ಊರಿನವಳು, ಚಿಕ್ಕಮ್ಮನ ಜೊತೆ ಇಲ್ಲಿಗೆ ಬಂದವಳು. ಮಧ್ಯಾಹ್ನ ಹೊಲಕ್ಕೆ ಬ್ರೆಡ್ಡು, ಬಿಸಿ ಸೂಪು ತರುತ್ತಿದ್ದಳು. ಆ ಕ್ರೂರಿ ಮುದುಕ ಅವಳ ಎದುರು ಬೆಕ್ಕಿನ ಮರಿಯಾಗುತ್ತಿದ್ದ. ಅವಳ ಬೂಟಿನ ಕೆಸರನ್ನು ಚಾಕುವಿನಿಂದ ತಾನೇ ಕೆರೆದು ತೆಗೆಯುತ್ತಿದ್ದ. ಅವಳ ಅಪ್ಪ ಯುದ್ಧದಲ್ಲಿ ಸತ್ತವನು ಅಂತ ಮಗಳು ಟೀನಾ ಒಮ್ಮೆ ಹೇಳಿದ್ದಳು. ಪರದೇಶದ ಸೈನಿಕರು ಊರಿಗೆ ನುಗ್ಗಿ, ಬಾವಿಯ ಹತ್ತಿರ ಗೋಡೆಗೆ ನಿಲ್ಲಿಸಿ ಒಂಬತ್ತು ಗಂಡಸರನ್ನು ಹೊಡೆದರು. ರೋಸಾ ಆಗ ಇನ್ನೂ ಹುಟ್ಟಿರಲಿಲ್ಲ. ನಾನು ಹೂಂ ಅಂದೆ. ಹಳೆಯ ಕಾಲದ ಮಾತು, ನನಗೇನು ಅನಿಸಿತ್ತು.

ಆಗಸ್ಟ್‌ನಲ್ಲಿ ರೊಕ್ಕಾವೆಂತೊದ ಪುರಸಭೆಯಿಂದ ಎಲೆನಾ ಅನ್ನುವ ಹುಡುಗಿ ಬಂದಳು. ಊರು ಖಾಲಿಯಾಗುತ್ತಿತ್ತು. ಪುರಸಭೆಯವರು ಊರ ಚರಿತ್ರೆಯ ಪುಸ್ತಕ ಮಾಡುತ್ತಿದ್ದರು. ಊರ ಬಾಗಿಲಲ್ಲಿ ಒಂದು ಕಲ್ಲು ನಿಲ್ಲಿಸಿ, ಊರು ಬಿಟ್ಟು ಹೋದ ಎಲ್ಲ ಮನೆತನಗಳ ಹೆಸರು ಕೆತ್ತುವವರಿದ್ದರು. ಅದಕ್ಕಾಗಿ ಈ ಹುಡುಗಿ ಊರೂರು ತಿರುಗಿ ಮುದುಕರನ್ನು ಹುಡುಕುತ್ತಿದ್ದಳು. ವೆರಿಬೀಯಲ್ಲಿ ಆ ಕಡೆಯವರ ಒಂದು ಹಾಲ್ ಇತ್ತು. ಭಾನುವಾರ ಅಲ್ಲಿ ಊಟ. ದೊನಾತೊ ಬರುವುದಿಲ್ಲ ಅಂದ. ರೋಸಾ ಬಿಡಲಿಲ್ಲ. "ನಿನ್ನ ಹೆಸರು ನನ್ನ ಹೆಸರು ಒಂದ ಕಲ್ಲಿನ ಮ್ಯಾಲ ಬರ್ತಾವ, ಬರಾಕ ಏನ್ ಧಾಡಿ?" ಅಂದಳು. ನನ್ನನ್ನೂ ಸುನಂದಾಳನ್ನೂ ಅವಳೇ ಕರೆದಳು.

ನಾನು ಮದುವೆಗೆ ಹೊಲಿಸಿದ್ದ ಕೋಟು ಹಾಕಿಕೊಂಡು ಹೋದೆ. ಸುನಂದಾ ನೋಡಿ, "ಬೀಗರ ಮನಿಗೆ ಹೊಂಟೀಯೇನು?" ಅಂದಳು. ಸಣ್ಣವರಿದ್ದಾಗಿನಿಂದ ಏಕವಚನ, ಈಗಲೂ ಅದೇ.

ಉದ್ದ ಟೇಬಲ್ಲುಗಳು, ಐವತ್ತು ಅರವತ್ತು ಜನ. ಎಲೆನಾ ಗೋಡೆಯ ಮೇಲೆ ಊರಿನ ಚಿತ್ರ ತೋರಿಸಿದಳು. ಬಾಗಿಲು, ಬಾವಿ, ಚರ್ಚಿನ ಗಂಟೆಗೋಪುರ. ಮುದುಕಿಯರು ಮೂಗೊರೆಸಿಕೊಂಡರು. ಆಮೇಲೆ ಪಟ್ಟಿ ಓದಲು ಶುರು ಮಾಡಿದಳು. ಎಲ್ಲ ಅವರ ಭಾಷೆ. ಟೀನಾ ನಮ್ಮಿಬ್ಬರ ನಡುವೆ ಕೂತು ಇಂಗ್ಲಿಷ್‌ನಲ್ಲಿ ಹೇಳುತ್ತಿದ್ದಳು. ಹೆಸರು ಓದಿದ ಕೂಡಲೇ ಆ ಮನೆಯವರು ಎದ್ದು ಮನೆಯ ಅಡ್ಡಹೆಸರು ಕೂಗಬೇಕು. ತೋಳದವರು ಎದ್ದಾಗ ಯಾರೋ ತೋಳದ ಹಾಗೆ ಊಳಿಟ್ಟರು. ಕುಂಟನ ಮನೆಯವನು ಕುಂಟುತ್ತಾ ಎದ್ದು ನಗಿಸಿದ. ನನಗೆ ಬಹಳ ಖುಷಿಯಾಯಿತು. ನಮ್ಮೂರ ಪಂಚಾಯ್ತಿಯಲ್ಲಿ ಕೂತ ಹಾಗೇ ಅನಿಸಿತು.

ದೊನಾತೊನ ಸರದಿ ಬಂತು. ಎದ್ದು ನಿಂತು, "ಗಿರಣಿಯವರು," ಅಂದ.

ಎಲೆನಾ ಕಾಗದ ನೋಡಿದಳು. ಗಿರಣಿಯವರೆಲ್ಲ ಅರ್ಜೆಂಟೀನಾಕ್ಕೆ ಹೋದರಲ್ಲ ಅಂದಳು. ಅವರ ಮನೆಯಲ್ಲಿ ದೊನಾತೊ ಅನ್ನುವ ಮಗನೇ ಇಲ್ಲವಲ್ಲ. ಮುದುಕ ಅದೇ ಮಾತು ಮತ್ತೆ ಹೇಳಿದ. ಅವಳು ಮತ್ತೆ ಹುಡುಕಿದಳು. ಜನ ನಗತೊಡಗಿದರು. "ದೊನಾತೊ, ನಿಮ್ಮವ್ವನ ಕೇಳಬೇಕಿತ್ತು ಬಿಡು!" ಅಂತ ಒಬ್ಬ ಕೂಗಿದನಂತೆ. ರೋಸಾ ಗಂಡನ ತೋಳು ಹಿಡಿದು, ಸರಿಯಾಗಿ ಹೇಳು, ಸರಿಯಾಗಿ ಹೇಳು ಅನ್ನುತ್ತಿದ್ದಳು. ಮುದುಕನ ಕಿವಿ ಕೆಂಪಾಗಿತ್ತು.

ವಯಸ್ಸಾಗಿದೆ, ಮರೆತಿದ್ದಾನೆ ಅಂದುಕೊಂಡೆ. ನಾಲ್ಕು ಜನರ ಎದುರು ಅಜ್ಜನ ಮರ್ಯಾದೆ ಹೋಗುತ್ತಿದೆ, ನನಗೆ ಉತ್ತರ ಗೊತ್ತಿದೆ. ಎದ್ದು ನಿಂತೆ.

"ಮೂತಿ!" ಅಂದೆ, ಹಾಲ್‌ನ ಕೊನೆಗೆ ಕೇಳುವ ಹಾಗೆ. "ಅಜ್ಜಂದು ಮೂತಿ ಮನೆತನ!"

ಟೀನಾಳ ಮುಖದ ಬಣ್ಣ ಹೋಯಿತು. ಚಮಚಗಳ ಸದ್ದು ನಿಂತಿತು. ನಾನು ಇನ್ನೂ ನಗುತ್ತಲೇ ಇದ್ದೆ. ಸುನಂದಾ ನನ್ನ ಕೋಟು ಹಿಡಿದು ಎಳೆದು ಕೂಡಿಸಿದಳು.

"ಏನ್ ಅಂದೀ?"

"ಅಡ್ಡಹೆಸರು ಹೇಳಿದ್ನಿ."

"ಬಾಯಿ ಮುಚ್ಚು."

ರೋಸಾ ಗಂಡನ ತೋಳು ಬಿಟ್ಟಿದ್ದಳು. ಅವನನ್ನು ಏನೋ ಕೇಳಿದಳು, ಸಣ್ಣ ದನಿಯಲ್ಲಿ. ಇನ್ನೊಮ್ಮೆ ಕೇಳಿದಳು. ಅವನು ಹೌದೆಂದು ತಲೆ ಆಡಿಸಿದ. ಅವಳು ಬ್ಯಾಗು ತೆಗೆದುಕೊಂಡು, ಎರಡು ಟೇಬಲ್ಲುಗಳ ನಡುವಿನಿಂದ ಒಬ್ಬಳೇ ನಡೆದು ಹೊರಗೆ ಹೋದಳು. ಟೀನಾ ಹಿಂದೆ ಓಡಿದಳು. ಮುದುಕ ನಿಂತೇ ಇದ್ದ. ಅವನ ಪಕ್ಕದಲ್ಲಿ ಕೂತಿದ್ದವರು ಒಬ್ಬೊಬ್ಬರೇ ಕುರ್ಚಿ ಎಳೆದುಕೊಂಡು ದೂರ ಸರಿದರು. ಆ ಕುರ್ಚಿಗಳ ಕಿರ್ರ್ ಅನ್ನುವ ಸದ್ದು ನನಗೆ ಇವತ್ತಿಗೂ ಹಲ್ಲು ಜುಮ್ಮೆನ್ನಿಸುತ್ತದೆ.

ಏನಾಯಿತೆಂದು ನನಗೆ ಹೇಳಿದವಳು ಎಲೆನಾ, ಹಾಲ್‌ನ ಹೊರಗೆ. ಆ ಊರಿನ ಚರ್ಚಿನಲ್ಲಿ ಗಂಟೆ ಬಾರಿಸುತ್ತಿದ್ದವನು ದೊನಾತೊನ ಅಪ್ಪ. ಸೈನಿಕರು ಗುಡ್ಡ ಹತ್ತುವುದು ಕಂಡರೆ ಅವನು ಗಂಟೆ ಬಾರಿಸಬೇಕು, ಗಂಡಸರು ಕಾಡಿಗೆ ಓಡಬೇಕು ಅಂತ ಊರವರ ಮಾತಾಗಿತ್ತು. ಅವತ್ತು ಗಂಟೆ ಆಗಲಿಲ್ಲ. ಗಂಡಸರು ಹಾಸಿಗೆಯಲ್ಲೇ ಸಿಕ್ಕರು. ಗಂಟೆ ಮೂಕಾಯಿತು. ಯಾಕೆ ಬಾರಿಸಲಿಲ್ಲ ಅಂತ ಊರೆಲ್ಲ ಕೇಳಿದರೂ ಆ ಮನುಷ್ಯ ಬಾಯಿ ಬಿಡಲಿಲ್ಲ, ಅವನೂ ಮೂಕನಾದ. ಊರವರು ಆ ಮನೆಗೆ ಮೂತಿ ಅಂತ ಹೆಸರಿಟ್ಟು, ಮರುವರ್ಷ ಕಲ್ಲು ಹೊಡೆದು ಓಡಿಸಿದರು. ದೊನಾತೊನಿಗೆ ಆಗ ಏಳು ವರ್ಷ. ಒಂದು ಮೂಟೆ ಹಿಟ್ಟಿಗಾಗಿ ಅವನಪ್ಪ ಊರನ್ನು ಮಾರಿಕೊಂಡ ಅಂತ ಜನ ಹೇಳುತ್ತಾರೆ, ಪುಸ್ತಕದಲ್ಲೂ ಹಾಗೇ ಬರೆದಾಗಿದೆ ಅಂದಳು.

ದೊನಾತೊ ಮೆಲ್ಬರ್ನ್‌ನಲ್ಲಿ ರೋಸಾಳನ್ನು ಮೊದಲ ಸಲ ನೋಡಿದಾಗ ಅವಳು ಕೇಳಿದ್ದು, ನೀನು ಯಾವ ಮನೆಯ ಕರ್ಬೋನೆ ಅಂತ. ಅವನು ಗಿರಣಿ ಮನೆ ಅಂದ. ಅರವತ್ತು ವರ್ಷ ಆ ಮಾತು ನಡೆಯಿತು. ನಾನು ಒಂದು ಕ್ಷಣದಲ್ಲಿ ಮುಗಿಸಿದೆ.

ಸಂಜೆ ಚೇತನ್‌ಗೆ ಹೇಳಿದೆ. ಅವನು ಟಿವಿ ಆಫ್ ಮಾಡಿದ.

"ಗುರೂ, ಅಡ್ಡಹೆಸ್ರು ಅಂದ್ರೆ ನಮ್ ಕಡೆ ಏನ್ ಗೊತ್ತಾ? ರೇಗ್ಸೋಕೆ ಇಟ್ಟಿರೋ ಹೆಸ್ರು. ಬೆನ್ನ ಹಿಂದೆ ಕರೀತಾರೆ. ಎದುರಿಗೆ ಕರೆದ್ರೆ ಹೊಡೆದಾಟಾನೇ."

"ನಮ್ಮ ಕಡೆ ಅದು ಸರ್‌ನೇಮ್."

"ಅದೇ ನೀನು ಮಾಡಿರೋ ಎಡವಟ್ಟು. ಅವ್ರದ್ದು ನಮ್ ಕಡೆ ಥರದ್ದು, ನೀನು ನಿಮ್ ಕಡೆದು ಅಂದ್ಕೊಂಡೆ."

ಸುನಂದಾ ಅಡುಗೆಮನೆಯಿಂದ, "ಅವ್ನಿಗೆ ತಿಳಿಸಿ ಹೇಳಬ್ಯಾಡ್ರಿ, ಇನ್ನೊಂದ ಕಡೆ ಹೋಗಿ ಇನ್ನೊಂದ ಮಾಡ್ತಾನ," ಅಂದಳು. ಅವಳು ತಮಾಷೆ ಮಾಡುತ್ತಿರಲಿಲ್ಲ.

ಮಾರನೆಯ ದಿನ ಕೆಲಸಕ್ಕೆ ಹೋದೆ. ಮುದುಕ ಹೊಡೆಯುತ್ತಾನೆ, ಓಡಿಸುತ್ತಾನೆ ಅಂದುಕೊಂಡಿದ್ದೆ. ಅವನು ಏನೂ ಅನ್ನಲಿಲ್ಲ. ಅವತ್ತು ಬೇಕಂತಲೇ ಎಂಟು ಬೆರಳು ಎಲೆ ಬಿಟ್ಟು ಕೊಯ್ದೆ, ಹೊಡೆಯಲಿ ಅಂತ. ನೋಡಿ ಮುಂದೆ ಹೋದ. ಮಧ್ಯಾಹ್ನ ಸೂಪು ಬರಲಿಲ್ಲ. ರೋಸಾ ಪಾಯಿಂಟ್ ಕುಕ್‌ನಲ್ಲಿ ಟೀನಾಳ ಮನೆಗೆ ಹೋಗಿದ್ದಳು. ಅವಳು ಫೋನೂ ಎತ್ತುತ್ತಿರಲಿಲ್ಲ. ಹಾಲ್‌ನ ಜನ ಹೊಲದ ಮುಂದಿನ ರಸ್ತೆಯಲ್ಲಿ ಕಾರು ನಿಧಾನ ಮಾಡಿ ಹಾರ್ನ್ ಬಾರಿಸಿ ಹೋಗುತ್ತಿದ್ದರು. ಗಂಟೆಯ ಹಾಗೆ, ಒಂದೊಂದೇ ಸಲ, ಬಿಟ್ಟು ಬಿಟ್ಟು. ಅವರೂ ಮುದುಕರೇ, ಮೊಮ್ಮಕ್ಕಳಿದ್ದವರು.

ಹತ್ತು ದಿನ ಹೀಗೇ ಹೋಯಿತು. ಹನ್ನೊಂದನೇ ದಿನ ಬೆಳಿಗ್ಗೆ ಹತ್ತಕ್ಕೆ ಅವನು ಚಾಕು ಒರೆಸಿ ಬಿನ್‌ನ ಮೇಲಿಟ್ಟ.

"ಚಿಪೊಲ್ಲಾ, ಯೂಟ್ ಗಾಡಿ ತಗಿ. ಟೀನಾನ ಮನಿಗೆ ನಡಿ."

"ಬಾಗಿಲಾ ತಗೀತಾಳೇನಜ್ಜಾ?"

"ನನಗ ತಗಿಯಂಗಿಲ್ಲ. ನಿನಗ ತಗೀತಾಳ. ಅದಕ್ಕ ನೀ ಬೇಕು."

ದಾರಿಯಲ್ಲಿ ಒಂದೇ ಮಾತಾಡಿದ. ಪುಸ್ತಕ ಅಚ್ಚಾಗುವ ಮೊದಲು ಆ ಹಿಟ್ಟಿನ ಮಾತು ತೆಗೆಸಬೇಕು, ಎಲೆನಾಳಿಗೆ ಫೋನ್ ಮಾಡಬೇಕು, ಆದರೆ ಅದಕ್ಕೂ ಮೊದಲು ರೋಸಾಳಿಗೆ ಹೇಳಬೇಕು. ಏನು ಅಂತ ನಾನು ಕೇಳಲಿಲ್ಲ. ಕೇಳಿ ಕೇಳಿ ಸಾಕಾಗಿತ್ತು.

ಹೊಸ ಸಬರ್ಬಿನ ಹೊಸ ಮನೆ. ಒಂದು ಗಿಡವಿಲ್ಲ, ಗಾಳಿಗೆ ತಡೆಯಿಲ್ಲ. ಬೆಲ್ ಒತ್ತಿದೆ. ರೋಸಾ ಬಾಗಿಲು ತೆಗೆದಳು. ಹತ್ತು ದಿನದಲ್ಲಿ ಇನ್ನೂ ಗಿಡ್ಡವಾಗಿದ್ದಳು. ನನ್ನ ಹಿಂದೆ ನಿಂತ ಗಂಡನನ್ನು ನೋಡಿದಳು. ಬಾಗಿಲು ಹಾಕಲಿಲ್ಲ. ಮುದುಕ ಅವರ ಭಾಷೆಯಲ್ಲಿ ಶುರು ಮಾಡಿದ. ಅವಳು ಕೈ ಎತ್ತಿ ತಡೆದಳು.

"ಇಂಗ್ಲಿಷ್‌ನ್ಯಾಗ ಹೇಳು. ಇವ್ನಿಗೂ ತಿಳೀಲಿ. ಅರವತ್ತ ವರ್ಷದಾಗ ನನಗ ಖರೇ ಹೇಳಿದಾಂವ ಇವ್ನೊಬ್ಬನ."

ನಾನು ಬೂಟು ನೋಡಿಕೊಂಡು ನಿಂತೆ.

ಅವನು ಮಾತಾಡುವ ಮೊದಲು ಅವಳೇ ಅಂದಳು, "ನಾ ಭಾಳ ವಿಚಾರ ಮಾಡೀನಿ. ನಿಮ್ಮಪ್ಪ ಮಾಡಿದ್ದು ನಿಮ್ಮಪ್ಪಂದು. ನೀ ಆರು ವರ್ಷದ ಹುಡುಗ. ನೀ ಸುಳ್ಳ ಹೇಳಿದ್ದು ನನಗ ಸಿಟ್ಟೈತಿ, ಆದ್ರ ಸುಳ್ಳ ಹೇಳಿರಲಿಲ್ಲ ಅಂದ್ರ ನಾ ನಿನ್ನ ಲಗ್ನಾ ಆಗ್ತಿರಲಿಲ್ಲ, ಟೀನಾ ಹುಟ್ಟತಿರಲಿಲ್ಲ. ನಡಿ ಒಳಗ. ಥಂಡಿ ಐತಿ."

ಮುಗಿಯಿತು ಅಂದುಕೊಂಡೆ. ಎದೆಯ ಮೇಲಿನ ಕಲ್ಲು ಇಳಿಯಿತು. ಒಂದು ಹೆಜ್ಜೆ ಇಟ್ಟಿದ್ದರೆ ಆಗಿತ್ತು. ಹೋಗಜ್ಜಾ, ಒಳಗೆ ಹೋಗು ಅಂತ ಮನಸ್ಸಿನಲ್ಲೇ ಕೂಗಿದೆ.

ಮುದುಕ ಹೆಜ್ಜೆ ಇಡಲಿಲ್ಲ.

"ಅಪ್ಪ ಅಲ್ಲ," ಅಂದ.

"ಏನು?"

"ಅವತ್ತ ಚರ್ಚಿನ ಗಂಟಿಗೆ ಹಗ್ಗ ಇರಲಿಲ್ಲ. ಹಿಂದಿನ ದಿನಾ ನಾ ಬಿಚ್ಚಿಕೊಂಡ ಹೋಗಿದ್ದೆ. ನಮ್ಮ ಆಡು. ಸೈನಿಕರು ಬಂದ್ರ ಒಯ್ತಾರಂತ ಹಳ್ಳದಾಗ ಕಟ್ಟಾಕ ಹಗ್ಗ ಬೇಕಾಗಿತ್ತು. ಅಪ್ಪ ಓಡಿ ಹೋಗಿ ನೋಡಿದ, ಹಗ್ಗ ಇಲ್ಲ. ಗೋಪುರ ಹತ್ತಿದ. ಹತ್ತೂದ್ರೊಳಗ ಅವರು ಬಾವಿ ಹತ್ರ ಬಂದಿದ್ರು."

ರೋಸಾ ಬಾಗಿಲ ಚೌಕಟ್ಟು ಹಿಡಿದಳು.

"ಹುಡುಗ ಹಗ್ಗ ಒಯ್ದಾನ ಅಂತ ಒಂದ ಮಾತ ಅಂದಿದ್ರ ಸಾಕಿತ್ತು. ಅಪ್ಪ ಅನ್ನಲಿಲ್ಲ. ಸಾಯೂತನಕ ಅನ್ನಲಿಲ್ಲ. ಈಗ ಹಿಟ್ಟು ತಗೊಂಡ ಅಂತ ಪುಸ್ತಕದಾಗ ಬರೀತಾರ. ಅಂವ ಏನೂ ತಗೊಂಡಿಲ್ಲ."

ಅವಳು ಕೇಳಿದಳು, "ಆಡು ಉಳೀತೇನು?"

ಅವನು ಸುಳ್ಳು ಹೇಳಬಹುದಿತ್ತು. ಅರವತ್ತು ವರ್ಷ ಹೇಳಿದವನಿಗೆ ಇನ್ನೊಂದು ಏನು ಕಷ್ಟ.

"ಉಳೀತು."

"ಹಾಲು ಕುಡದಿ?"

"ಕುಡದೆ."

"ಆ ಚಳಿಗಾಲ ಪೂರ್ತಿ?"

"ಪೂರ್ತಿ."

"ನಮ್ಮವ್ವಗ ಎದ್ಯಾಗ ಹಾಲಿರಲಿಲ್ಲ," ಅಂದಳು. "ನನಗ ಕಾಡಿನ ಕಾಯಿ ಕುದಿಸಿದ ನೀರು ಕುಡಿಸಿ ಬದುಕಿಸಿದ್ಲು. ನಿನಗ ಸಾವಿರ ಸಲ ಹೇಳೀನಿ ಇದನ್ನ. ಪ್ರತಿ ವರ್ಷ ಅಪ್ಪ ಸತ್ತ ದಿನಾ ಮೇಣದಬತ್ತಿ ಹಚ್ಚಾಕ ನನ್ನ ಕೈ ನಡುಗತಾವಂತ ನೀ ಹಚ್ಚತಿದ್ದಿ."

ಅವನು ತಲೆ ಎತ್ತಲಿಲ್ಲ.

"ಆರು ವರ್ಷದ ಹುಡುಗನ ಮ್ಯಾಲ ನನಗೇನೂ ಇಲ್ಲ," ಅಂದಳು. ದನಿ ಸ್ವಲ್ಪವೂ ಏರಲಿಲ್ಲ. "ಬತ್ತಿ ಹಚ್ಚಿದಾಂವನ ಮಾರಿ ನಾ ನೋಡಂಗಿಲ್ಲ."

ಆಮೇಲೆ ನನ್ನ ಕಡೆ ತಿರುಗಿ, ಹೊಲಕ್ಕೆ ಸೂಪು ತಂದಾಗ ಮಾತಾಡುತ್ತಿದ್ದ ಅದೇ ದನಿಯಲ್ಲಿ ಅಂದಳು, "ನೀ ಒಳಗ ಬಾ. ಥಂಡ್ಯಾಗ ಬಂದೀ. ಕಾಫಿ ಕುಡಿ. ಅಂವ ಅಲ್ಲೇ ನಿಂದ್ರಲಿ."

ನಾನು ಮುದುಕನನ್ನು ನೋಡಿದೆ. ಅವನು ಹೋಗು ಅನ್ನಲಿಲ್ಲ, ಬೇಡ ಅನ್ನಲಿಲ್ಲ. ಇವತ್ತಿಗೂ ಸುನಂದಾ ಕೇಳುತ್ತಾಳೆ, ನೀನು ಯಾಕೆ ಹೋದೆ ಅಂತ. ಹಿರಿಯ ಹೆಂಗಸು ಮನೆಯೊಳಗೆ ಕರೆದರೆ ನಮ್ಮಲ್ಲಿ ಒಲ್ಲೆ ಅನ್ನುವುದಿಲ್ಲ ಅಂತ ಹೇಳುತ್ತೇನೆ. ಅದು ಅರ್ಧ ನಿಜ. ನನಗೆ ಚಳಿಯಾಗುತ್ತಿತ್ತು. ಅವಳ ಕಣ್ಣಿಗೆ ಹೆದರಿದ್ದೆ. ಮತ್ತೆ ಎಲ್ಲಿಯೋ ಒಳಗೆ, ಖರೆ ಹೇಳಿದವನು ಇವನೊಬ್ಬನೇ ಅಂದಿದ್ದು ನನಗೆ ಹಿತವಾಗಿತ್ತು. ನನ್ನ ಬಗ್ಗೆ ಅಷ್ಟು ಒಳ್ಳೆಯ ಮಾತು ಯಾರೂ ಆಡಿರಲಿಲ್ಲ.

ಬೂಟು ಬಿಚ್ಚಿ ಒಳಗೆ ಹೋದೆ. ಅವಳು ಬಾಗಿಲು ಹಾಕಿದಳು. ಕಾಫಿ ಮಾಡಿ, ನನ್ನನ್ನು ಕಿಟಕಿಗೆ ಎದುರಾಗಿ ಕೂಡಿಸಿದಳು. ತಾನು ಕಿಟಕಿಗೆ ಬೆನ್ನು ಹಾಕಿ ಕೂತಳು. ಕಿಟಕಿಯಾಚೆ ಮುದುಕ ಗಾಳಿಯಲ್ಲಿ ನಿಂತಿದ್ದ. ಟೋಪಿ ಹಾರಿಹೋಯಿತು, ಎತ್ತಿಕೊಳ್ಳಲು ಹೋಗಲಿಲ್ಲ. ಸಕ್ಕರೆ ಸಾಕಾ ಅಂತ ಅವಳು ಕೇಳಿದಳು. ಸಾಕು ಅಂದೆ. ಬಿಸ್ಕತ್ತು ಕೊಟ್ಟಳು, ತಿಂದೆ. ಇನ್ನೊಂದು ಕಪ್ ಬೇಕಾ ಅಂದಳು. ಹೂಂ ಅಂದೆ, ಅದನ್ನೂ ಕುಡಿದೆ. ಇಷ್ಟೇ. ಹೇಳುವುದು ಇನ್ನೇನೂ ಇಲ್ಲ.